ಶತಮಾನೋತ್ಸವ ನಿಧಿಯ ಒಂದು ಪಾಲು



ನಮ್ಮ ಶತಮಾನೋತ್ಸವ ನಿಧಿಯ ಒಂದು ಪಾಲನ್ನು ಬಡ ಸ್ತ್ರೀಯರ ಸ್ತನ ಪರೀಕ್ಷೆಗೆ ಮೀಸಲಿಡಬೇಕೆಂದು ಕೋರಲು ನಿಂತಿದ್ದೇನೆ. ದೇವಾಲಯದ ಅಂಗಳದಲ್ಲಿ ಇಂಥ ಮಾತೇ ಎಂದು ಹುಬ್ಬೇರಿಸುವವರು, ಸ್ತನರೋಗಿಗಳ ಪಾಲಕಿಯೆಂದು ಧರ್ಮಸಭೆ ಗೌರವಿಸುವ ಸಂತ ಆಗತಳನ್ನು ನೆನೆಯಲಿ. ಈ ಸಂಕೋಚದಿಂದಲೇ ಎಷ್ಟೋ ತಾಯಂದಿರು ನೋವಿಲ್ಲದ ಗಂಟನ್ನು ಮುಚ್ಚಿಡುತ್ತಾರೆ. ನೋವು ಕಾಣಿಸಿಕೊಳ್ಳುವ ವೇಳೆಗೆ ಕಾಲ ಮಿಂಚಿರುತ್ತದೆ.

ದುಬಾರಿ ಯಂತ್ರವಿಲ್ಲದೆ ಏನಾದೀತು ಎನ್ನಬೇಡಿ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ, 35ರಿಂದ 64 ವಯಸ್ಸಿನ ಸುಮಾರು 1,51,000 ಬಡ ಸ್ತ್ರೀಯರನ್ನು ಎರಡು ಗುಂಪು ಮಾಡಿ ಅಧ್ಯಯನ ಆರಂಭಿಸಿದರು. ಒಂದು ಗುಂಪಿನವರನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ, ನಾಲ್ಕು ಸುತ್ತು, ಬರಿಯ ಕೈಯಿಂದ ಪರೀಕ್ಷಿಸಿದರು. ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಇನ್ನೊಂದು ಗುಂಪಿಗೆ ಹೋಲಿಸಿದರೆ, 50 ತುಂಬಿದವರಲ್ಲಿ ಸ್ತನ ಕ್ಯಾನ್ಸರಿನ ಸಾವು ಹತ್ತಿರಹತ್ತಿರ ಶೇಕಡಾ 30ರಷ್ಟು ತಗ್ಗಿತ್ತು. ಕಿರಿಯರಲ್ಲಿ ಅಂಥ ಇಳಿಕೆ ಕಾಣಲಿಲ್ಲವೆಂಬುದನ್ನೂ ಹೇಳಬೇಕು.

ಆದುದರಿಂದ ನಾನು ಕೇಳುವುದು ಯಂತ್ರವನ್ನಲ್ಲ, ನಮ್ಮೂರ ಕೆಲವು ಸ್ತ್ರೀಯರ ತರಬೇತಿಯನ್ನು ಮತ್ತು ಅವರ ಮಾಸಿಕ ವೇತನವನ್ನು. ಸೇವೆಯ ಹೆಸರಿನಲ್ಲಿ ಬಿಟ್ಟಿ ದುಡಿಸಿಕೊಳ್ಳುವ ನಮ್ಮ ಹಳೆಯ ಚಾಳಿ ಇಲ್ಲಿ ಬೇಡ. ಅವರು ಎಲ್ಲ ಮತದವರ ಮನೆಗಳಿಗೂ ಹೋಗಲಿ. ಗಂಟು ಕಂಡುಬಂದವಳ ಬಸ್ಸಿನ ದರ, ತಪ್ಪಿದ ದಿನಗೂಲಿ, ಬಯಾಪ್ಸಿಯ ಖರ್ಚು, ಮುಂದಿನ ಚಿಕಿತ್ಸೆಗೆ ಜೊತೆಗೊಬ್ಬರು, ಇವೆಲ್ಲ ಲೆಕ್ಕಕ್ಕೆ ಸೇರಬೇಕು. ರೋಗವಿದೆಯೆಂದು ತಿಳಿಸಿ ಕೈಬಿಡುವುದು ಕ್ರೌರ್ಯ.

ಗಂಟೆಗೋಪುರದ ಬಣ್ಣವನ್ನು ಮುಂದಿನ ವರ್ಷಕ್ಕೆ ಬಿಡಬಹುದೆಂದು ನನ್ನ ಅಭಿಪ್ರಾಯ. ಹಣಕಾಸು ಸಮಿತಿಯವರು ಬರುವ ಭಾನುವಾರ ಬಲಿಪೂಜೆಯ ನಂತರ ಸೇರಿ ತೀರ್ಮಾನಿಸಲಿ.