ಸಂವಿಧಾನ ಬರೆಯುವ ಅಧಿಕಾರ ಯಾರದು?



ಅಮೆರಿಕದ ಸಂವಿಧಾನದ ಬೇರು ಎಲ್ಲಿದೆ ಎಂದು ಕೇಳಿದರೆ ನಾವು ನೇರವಾಗಿ ಗ್ರಂಥಾಲಯಕ್ಕೆ ಹೋಗುತ್ತೇವೆ. ಜನಸಮ್ಮತಿಯ ತತ್ವ ಜಾನ್ ಲಾಕ್ ಅವರದು, ಅಧಿಕಾರ ವಿಭಜನೆ ಮಾಂಟೆಸ್ಕ್ಯೂ ಅವರ 1748ರ ಗ್ರಂಥದ್ದು ಎಂದು ತರಗತಿಗಳಲ್ಲಿ ಹೇಳಿಕೊಡುತ್ತೇವೆ. ಅದರಲ್ಲಿ ತಪ್ಪೇನಿಲ್ಲ. ಆ ಸಂವಿಧಾನವನ್ನು ರಚಿಸಿದ 1787ರ ಫಿಲಡೆಲ್ಫಿಯಾ ಸಮಾವೇಶಕ್ಕೆ ಮೊದಲು ಜೇಮ್ಸ್ ಮ್ಯಾಡಿಸನ್, ಪ್ಯಾರಿಸ್‌ನಿಂದ ಜೆಫರ್ಸನ್ ಕಳಿಸಿದ ಪುಸ್ತಕಗಳನ್ನು ಓದಿ, ಪ್ರಾಚೀನ ಗ್ರೀಕರಿಂದ ಸ್ವಿಟ್ಜರ್ಲೆಂಡಿನವರೆಗಿನ ಒಕ್ಕೂಟಗಳು ಯಾವ ಕಾರಣಕ್ಕೆ ದುರ್ಬಲವಾದವು ಎಂದು ಟಿಪ್ಪಣಿ ಮಾಡಿಕೊಂಡಿದ್ದರು. ಇಂಗ್ಲೆಂಡಿನ ಋಣವೂ ದೊಡ್ಡದು. ವಿಪರೀತ ಜಾಮೀನು ಕೇಳಬಾರದು, ಕ್ರೂರ ಶಿಕ್ಷೆ ವಿಧಿಸಬಾರದು ಎಂಬ 1689ರ ಇಂಗ್ಲಿಷ್ ಹಕ್ಕುಪತ್ರದ ಮಾತು ಹೆಚ್ಚುಕಡಿಮೆ ಹಾಗೆಯೇ 1791ರಲ್ಲಿ ಎಂಟನೇ ತಿದ್ದುಪಡಿಯಾಯಿತು.

ಆದರೂ ಈ ವಿಚಾರ ಸಂಕಿರಣ ಗ್ರಂಥಾಲಯದಿಂದ ಆಚೆಗೂ ನೋಡಬೇಕು ಎಂಬುದು ನನ್ನ ಆಶಯ. ಸಂವಿಧಾನ ಬೇರೆ, ಸಾಮಾನ್ಯ ಕಾನೂನು ಬೇರೆ. ಎರಡನ್ನೂ ಒಂದೇ ಸಭೆ ಮಾಡಕೂಡದು ಎಂಬ ವಿಚಾರದ ಸುಳಿವು ನ್ಯಾಯತಜ್ಞ ವಾಟೆಲ್ ಅವರಂಥವರ ಬರಹಗಳಲ್ಲಿ ಇತ್ತು. ಅದನ್ನು ನಡೆಸಿ ತೋರಿಸುವ ದಾರಿಯನ್ನು ಕಂಡುಕೊಂಡದ್ದು ಮಾತ್ರ ಮ್ಯಾಸಚೂಸೆಟ್ಸ್‌ನ ಸಣ್ಣ ಊರುಗಳು.

1776ರಲ್ಲಿ ಅಲ್ಲಿಯ ಶಾಸನಸಭೆ, ರಾಜ್ಯಕ್ಕೆ ಸಂವಿಧಾನವನ್ನು ತಾನೇ ರಚಿಸಲು ಒಪ್ಪಿಗೆ ಕೊಡಿ ಎಂದು ಊರುಗಳನ್ನು ಕೇಳಿತು. ಅಕ್ಟೋಬರ್‌ನಲ್ಲಿ ಕಾಂಕರ್ಡ್‌ನ ಊರ ಸಭೆ ಆಗದು ಎಂದು ಉತ್ತರ ಕೊಟ್ಟಿತು. ಅವರ ವಾದ ಇಷ್ಟು: ಸಂವಿಧಾನ ಇರುವುದೇ ಆಳುವವರಿಂದ ಜನರ ಹಕ್ಕುಗಳನ್ನು ಕಾಪಾಡುವುದಕ್ಕೆ, ಅದನ್ನು ಬರೆದ ಸಭೆಗೇ ಅದನ್ನು ಬದಲಿಸುವ ಅಧಿಕಾರವೂ ಇರುತ್ತದೆ, ಆಳುವವರು ಬೇಕೆಂದಾಗ ಬದಲಿಸಬಹುದಾದ ಸಂವಿಧಾನ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಹಾಗಾಗಿ ಈ ಕೆಲಸಕ್ಕೆಂದೇ ಪ್ರತ್ಯೇಕ ಸಮಾವೇಶವನ್ನು ಆರಿಸಿ ಎಂದರು. ರಾಜ್ಯಶಾಸ್ತ್ರದ ಯಾವ ಮಹಾಗ್ರಂಥದ ಪಕ್ಕದಲ್ಲಾದರೂ ಇಡಬಹುದಾದ ವಾದ ಇದು.

ಶಾಸನಸಭೆ ಈ ಮಾತು ಕೇಳಲಿಲ್ಲ. ತಾನೇ ಕರಡು ಮಾಡಿ 1778ರಲ್ಲಿ ಊರುಗಳಿಗೆ ಕಳಿಸಿತು. ಊರುಗಳು ಅದನ್ನು ಭಾರೀ ಬಹುಮತದಿಂದ ತಿರಸ್ಕರಿಸಿದವು. ಹಕ್ಕುಗಳ ಪಟ್ಟಿಯೇ ಇಲ್ಲವಲ್ಲ ಎಂಬುದು ಮುಖ್ಯ ಆಕ್ಷೇಪಗಳಲ್ಲೊಂದು. ಕಪ್ಪು ಜನರಿಗೂ ಮೂಲನಿವಾಸಿಗಳಿಗೂ ಮತ ನಿರಾಕರಿಸಿದ್ದನ್ನು ಕೆಲವು ಊರುಗಳು ಖಂಡಿಸಿದವು. ಕೊನೆಗೆ 1779ರಲ್ಲಿ ಪ್ರತ್ಯೇಕ ಸಮಾವೇಶ ಸೇರಿತು, ಜಾನ್ ಆಡಮ್ಸ್ ಕರಡು ಬರೆದರು. 1780ರಲ್ಲಿ ಊರ ಸಭೆಗಳು ಅದನ್ನು ವಿಧಿ ವಿಧಿಯಾಗಿ ಚರ್ಚಿಸಿ ಅಂಗೀಕರಿಸಿದವು. ಆ ಒಂದು ಮತದಾನಕ್ಕೆ ಆಸ್ತಿಯ ಷರತ್ತನ್ನು ಸಡಿಲಿಸಿ, 21 ವರ್ಷ ತುಂಬಿದ ಸ್ವತಂತ್ರ ಪುರುಷರಿಗೆಲ್ಲ ಅವಕಾಶ ಕೊಟ್ಟಿದ್ದರು. ಹೆಂಗಸರು ಆಗಲೂ ಹೊರಗೇ ಉಳಿದರು.

ರೈತರಿಗೆ, ಕಸುಬುದಾರರಿಗೆ ಇಷ್ಟು ಧೈರ್ಯ ಎಲ್ಲಿಂದ ಬಂತು? ರೂಢಿಯಿಂದ ಎನ್ನುವುದು ನನ್ನ ಉತ್ತರ. 1629ರಲ್ಲಿ ಇಂಗ್ಲೆಂಡಿನ ರಾಜ ಕೊಟ್ಟ ಸನದು ಒಂದು ಕಂಪನಿಗೆ ಸಿಕ್ಕಿದ್ದು. ವಲಸೆಗಾರರು ಆ ಸನದನ್ನೇ ಸಮುದ್ರ ದಾಟಿಸಿ ತಂದರು. ಕಂಪನಿಯ ಪಾಲುದಾರರ ಸಭೆ ಮುಂದೆ ರಾಜ್ಯದ ಶಾಸನಸಭೆಯಾಯಿತು. ಇಂದಿಗೂ ಆ ಶಾಸನಸಭೆಗೆ ಜನರಲ್ ಕೋರ್ಟ್ ಎಂಬ ಕಂಪನಿ ಕಾಲದ ಹೆಸರೇ ಇದೆ. ಲಿಖಿತ ಪತ್ರವೊಂದು ಆಳುವವರ ಕೈ ಕಟ್ಟುತ್ತದೆ ಎನ್ನುವುದು ಆ ಜನಕ್ಕೆ ಹಲವು ತಲೆಮಾರುಗಳ ಅನುಭವವಾಗಿತ್ತು.

ಇಲ್ಲಿ ಎಲಿಜಬೆತ್ ಫ್ರೀಮನ್ ಅವರನ್ನು ನೆನೆಯಲೇಬೇಕು. ಮ್ಯಾಸಚೂಸೆಟ್ಸ್‌ನ ಷೆಫೀಲ್ಡ್‌ನಲ್ಲಿ ಜಾನ್ ಆಶ್ಲಿ ಎಂಬವರ ಮನೆಯಲ್ಲಿ ಆಕೆ ಗುಲಾಮಳಾಗಿದ್ದರು. ಒಡತಿ ಇನ್ನೊಬ್ಬಳತ್ತ ಬೀಸಿದ, ಒಲೆಯಲ್ಲಿ ಕಾದ ಸಲಿಕೆಗೆ ತನ್ನ ತೋಳು ಅಡ್ಡ ಕೊಟ್ಟರೆಂದು, ಆಕೆಯ ವಕೀಲ ಥಿಯೊಡರ್ ಸೆಡ್ಜ್‌ವಿಕ್ ಅವರ ಮಗಳು ಮುಂದೆ ಬರೆದಿದ್ದಾರೆ. ಎಲ್ಲರೂ ಹುಟ್ಟಿನಿಂದ ಸ್ವತಂತ್ರರು, ಸಮಾನರು ಎಂದು 1780ರ ಸಂವಿಧಾನ ಸಾರಿತ್ತು. ಅಕ್ಷರ ಬಾರದ ಆಕೆ ಆ ಮಾತನ್ನು ಕಿವಿಯಿಂದ ಕೇಳಿಯೇ ಹಿಡಿದುಕೊಂಡು, 1781ರಲ್ಲಿ ಗ್ರೇಟ್ ಬ್ಯಾರಿಂಗ್ಟನ್ನಿನ ನ್ಯಾಯಾಲಯಕ್ಕೆ ಹೋದರು. ಆಕೆಯೂ ಜೊತೆಗಿದ್ದ ಬ್ರಾಮ್ ಎಂಬಾತನೂ ಗುಲಾಮರಲ್ಲ ಎಂದು ಜ್ಯೂರಿ ಹೇಳಿತು. 30 ಷಿಲಿಂಗ್ ಪರಿಹಾರವನ್ನೂ ಕೊಡಿಸಿತು. ಸಂವಿಧಾನದ ಬೇರುಗಳ ಚರಿತ್ರೆಯಲ್ಲಿ ಆಡಮ್ಸ್ ಅವರಿಗೆ ಕೊಡುವಷ್ಟೇ ಜಾಗವನ್ನು ಆಕೆಗೂ ಕೊಡಬೇಕು.

1787ರ ಫಿಲಡೆಲ್ಫಿಯಾ ಪ್ರತ್ಯೇಕ ಸಮಾವೇಶದ ವಿಧಾನವನ್ನು ತೆಗೆದುಕೊಂಡಿತು, ಎಲ್ಲರೂ ಸ್ವತಂತ್ರರು, ಸಮಾನರು ಎಂಬ ಮಾತನ್ನು ಬಿಟ್ಟಿತು. ಒಂಬತ್ತು ರಾಜ್ಯಗಳ ಸಮಾವೇಶಗಳು ಒಪ್ಪಿದರೆ ಸಂವಿಧಾನ ಜಾರಿ ಎಂದು ಏಳನೇ ವಿಧಿ ಹೇಳಿತು. ಅದೇ ದಾಖಲೆ ಗುಲಾಮರ ಸಂಖ್ಯೆಯ ಐದನೇ ಮೂರು ಪಾಲನ್ನು ಪ್ರಾತಿನಿಧ್ಯದ ಲೆಕ್ಕಕ್ಕೆ ಸೇರಿಸಿತು, 1808ರವರೆಗೆ ಗುಲಾಮರ ಆಮದಿಗೆ ರಕ್ಷಣೆ ಕೊಟ್ಟಿತು. ತೆಗೆದುಕೊಂಡದ್ದನ್ನೂ ಬಿಟ್ಟದ್ದನ್ನೂ ಒಟ್ಟಿಗೆ ಓದದ ಯಾವ ಪ್ರಬಂಧವೂ ಪೂರ್ಣವಲ್ಲ.

ಕಾಂಕರ್ಡ್‌ನ ಪ್ರಶ್ನೆ ನಮ್ಮದೂ ಹೌದು. ನಮ್ಮ ಸಂವಿಧಾನ ಸಭೆಯೇ ದೇಶದ ಶಾಸನಸಭೆಯೂ ಆಗಿತ್ತು. ಅದೇ ತಾತ್ಕಾಲಿಕ ಸಂಸತ್ತಾಗಿ 1951ರಲ್ಲಿ ಮೊದಲ ತಿದ್ದುಪಡಿ ಮಾಡಿತು. ಸಂಸತ್ತು ಸಂವಿಧಾನವನ್ನು ಎಷ್ಟರ ಮಟ್ಟಿಗೆ ಬದಲಿಸಬಹುದು ಎಂಬುದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಮೊಕದ್ದಮೆಯಲ್ಲಿ, 1973ರಲ್ಲಿ, 13 ನ್ಯಾಯಮೂರ್ತಿಗಳ ಮುಂದೆ ಬಂತು. ಏಳು ಮಂದಿ ಮೂಲ ಸ್ವರೂಪವನ್ನು ಮುಟ್ಟಕೂಡದು ಎಂದರು. ಕಾಂಕರ್ಡ್ ಜನರನ್ನು ಕಾವಲಿಗೆ ನಿಲ್ಲಿಸಿತು, ನಾವು ನ್ಯಾಯಾಲಯವನ್ನು ನಿಲ್ಲಿಸಿದೆವು. ಈ ವ್ಯತ್ಯಾಸದಿಂದ ಏನೇನು ಆಯಿತು ಎಂದು ಯಾರಾದರೂ ಈ ಎರಡು ದಿನಗಳಲ್ಲಿ ಬಿಡಿಸಿ ಹೇಳಿದರೆ ನಾನು ಕಿವಿಗೊಟ್ಟು ಕೇಳುತ್ತೇನೆ.

ಸಂಶೋಧನಾ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. 1778 ಮತ್ತು 1780ರಲ್ಲಿ ಊರುಗಳು ಬರೆದು ಕಳಿಸಿದ ಉತ್ತರಗಳನ್ನು ಆಸ್ಕರ್ ಮತ್ತು ಮೇರಿ ಹ್ಯಾಂಡ್ಲಿನ್ ದಂಪತಿ 1966ರಲ್ಲಿ ಒಂದೇ ಸಂಪುಟದಲ್ಲಿ ತಂದಿದ್ದಾರೆ. 1787ರ ಸಂವಿಧಾನವನ್ನು ಸಮರ್ಥಿಸಿದ ಫೆಡರಲಿಸ್ಟ್ ಲೇಖನಗಳಿಗೆ ಹೋಗುವ ಮುನ್ನ ಅದನ್ನು ತೆರೆಯಿರಿ. ಅಲ್ಲಿ ಒಂದೊಂದು ಊರೂ ತನಗೆ ಯಾವ ವಿಧಿ ಬೇಡ, ಏಕೆ ಬೇಡ ಎಂದು ಕಾರಣ ಕೊಟ್ಟು ವಾದಿಸಿದೆ.