ಮೈದಾನದ ಬಾಂಧವ್ಯ



ಕುಲ, ಭಾಷೆ, ಊರು ಇವು ಹುಟ್ಟಿನೊಡನೆ ಬರುವ ನಂಟುಗಳು. ಮನುಷ್ಯನು ತಾನೇ ಆರಿಸಿಕೊಂಡು, ವರ್ಷವರ್ಷವೂ ಅದರ ನೋವು ನಲಿವುಗಳನ್ನು ಉಂಡು, ಕಡೆಗೆ ಹುಟ್ಟಿನ ನಂಟಿನಷ್ಟೇ ಗಾಢವಾಗಿ ಬೆಳೆಸಿಕೊಳ್ಳುವ ನಂಟು ಬೇರೊಂದುಂಟು. ಆಟದ ತಂಡವೊಂದನ್ನು ‘ನಮ್ಮದು’ ಎನ್ನುವ ಅಭಿಮಾನಿಯ ನಂಟು ಆ ಬಗೆಯದು. ಇದನ್ನು ಕಾಲಹರಣದ ವ್ಯಾಮೋಹವೆಂದು ಬದಿಗೊತ್ತುವ ವಿದ್ವಾಂಸರು ಕಲಕತ್ತೆಯ ಕಾಲ್ಚೆಂಡಾಟದ ಚರಿತ್ರೆಯನ್ನೊಮ್ಮೆ ಅವಲೋಕಿಸಬೇಕೆಂಬುದು ನನ್ನ ಬಿನ್ನಹ.

1889ರಲ್ಲಿ ಸ್ಥಾಪಿತವಾದ ಮೋಹನ್ ಬಾಗಾನ್ ಸಂಘದ ತಂಡವು, ಒಬ್ಬನನ್ನುಳಿದು ಮಿಕ್ಕ ಹತ್ತು ಮಂದಿಯೂ ಬರಿಗಾಲಿನವರೇ ಆಗಿದ್ದಾಗ್ಯೂ, 1911ರ ಜುಲೈ 29ರಂದು ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ಬೂಟುಗಾಲಿನ ಬ್ರಿಟಿಷ್ ಸಿಪಾಯಿಗಳನ್ನು 2-1ರಿಂದ ಸೋಲಿಸಿ ಐ.ಎಫ್.ಎ. ಶೀಲ್ಡ್ ಪಂದ್ಯಾವಳಿಯನ್ನು ಗೆದ್ದುಕೊಂಡಿತು. ಜನಸಂದಣಿಯ ಹಿಂದೆ ಏನೊಂದೂ ಕಾಣದೆ ನಿಂತಿದ್ದವರಿಗೆ ಗೋಲಿನ ಲೆಕ್ಕ ತಿಳಿಯಲೆಂದು ಗಾಳಿಪಟಗಳನ್ನು ಹಾರಿಸಿದರಂತೆ. ಚೆಂಡು ಕಣ್ಣಿಗೆ ಬೀಳದಿದ್ದರೂ, ಆಕಾಶವನ್ನೇ ದಿಟ್ಟಿಸುತ್ತ ಅಲ್ಲಿಂದ ಕದಲದೆ ನಿಂತಿದ್ದ ಆ ಜನರನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿಬರುತ್ತದೆ.

ಆದರೆ ಈ ಬಾಂಧವ್ಯದ ಮರ್ಮವೆಲ್ಲ ತೆರೆದು ತೋರುವುದು ಪ್ರತಿಪಕ್ಷದ ಕಥೆಯಲ್ಲಿ. ಪೂರ್ವವಂಗದ ಆಟಗಾರನೊಬ್ಬನನ್ನು ಬೇರೊಂದು ಸಂಘವು ತನ್ನ ತಂಡದಿಂದ ಕೈಬಿಟ್ಟ ಮನಸ್ತಾಪದಿಂದ 1920ರಲ್ಲಿ ಹುಟ್ಟಿದ ಈಸ್ಟ್ ಬೆಂಗಾಲ್ ಸಂಘವು, 1947ರ ದೇಶವಿಭಜನೆಯ ತರುವಾಯ, ಅದನ್ನು ಸ್ಥಾಪಿಸಿದವರು ಎಣಿಸಿಯೂ ಇರದಿದ್ದ ಹೊಣೆಯೊಂದನ್ನು ಹೊರಬೇಕಾಯಿತು. ಗದ್ದೆ ಮನೆಗಳನ್ನೂ, ಹಿರಿಯರ ಸಮಾಧಿ ಸ್ಮಶಾನಗಳನ್ನೂ ಗಡಿಯಾಚೆ ಬಿಟ್ಟು, ಸಿಯಾಲ್ದಾ ನಿಲ್ದಾಣದ ಕಟ್ಟೆಯ ಮೇಲೆ ಗಂಟುಮೂಟೆಗಳೊಡನೆ ದಿನಗಳೆದು, ನಗರದಂಚಿನ ಜೋಪಡಿಗಳಲ್ಲಿ ನೆಲೆಯೂರಿದ ನಿರಾಶ್ರಿತರು, ತಮ್ಮ ಮಾತಿನ ಧಾಟಿಗೇ ನಕ್ಕು ‘ಬಾಂಗಾಲ್’ ಎಂದು ಹೀಗಳೆಯುತ್ತಿದ್ದ ಮಹಾನಗರದಲ್ಲಿ ತಲೆಯೆತ್ತಿ ನಿಲ್ಲಲು ಕಂಡುಕೊಂಡ ಎಡೆಗಳಲ್ಲಿ ಈಸ್ಟ್ ಬೆಂಗಾಲಿನ ಕೆಂಪು ಹೊನ್ನು ಬಣ್ಣದ ಅಂಗಿಯೂ ಒಂದು. 1955ರಲ್ಲಿ ಪೂರ್ವವಂಗ ಪ್ರಾಂತದ ಹೆಸರೇ ಪೂರ್ವ ಪಾಕಿಸ್ತಾನವೆಂದು ಬದಲಾದ ಮೇಲೆಯೂ, ಕಲಕತ್ತೆಯ ಮೈದಾನದಲ್ಲಿ ಸಹಸ್ರಾರು ಕಂಠಗಳು ಕಳೆದುಹೋದ ನಾಡಿನ ಹಳೆಯ ಹೆಸರನ್ನು ವಾರವಾರವೂ ಕೂಗುತ್ತಲೇ ಇದ್ದವು. ಈಸ್ಟ್ ಬೆಂಗಾಲ್ ಗೆದ್ದ ಸಂಜೆ ಪೇಟೆಯಲ್ಲಿ ಪೂರ್ವವಂಗದವರ ಮೆಚ್ಚಿನ ಇಲಿಶ್ ಮೀನಿಗೂ, ಮೋಹನ್ ಬಾಗಾನ್ ಗೆದ್ದ ಸಂಜೆ ಸಿಗಡಿಗೂ ಬೆಲೆಯೇರುವುದೆಂದು ಅಲ್ಲಿಯವರು ಹೇಳುತ್ತಾರೆ. ಕೂಲಿಯ ದುಡ್ಡಿನಲ್ಲಿ ಇಲಿಶ್ ಮೀನಿನ ತುಂಡೊಂದನ್ನು ಎಲೆಯಲ್ಲಿ ಸುತ್ತಿಸಿಕೊಂಡು ಮನೆಗೆ ಬಂದ ತಂದೆ, ಗಡಿಯಾಚೆಯ ಪದ್ಮಾನದಿಯನ್ನು ಕಾಣದೆ ಬೆಳೆದ ಮಕ್ಕಳಿಗೆ ಆ ರಾತ್ರಿ ನದಿಯ ಕಥೆಯನ್ನೂ ಗೋಲಿನ ಕಥೆಯನ್ನೂ ಒಟ್ಟಿಗೆ ಹೇಳದೆ ಇದ್ದಾನೆಯೇ?

ಇನ್ನು ನನಗೆ ಪರಮ ವಿಸ್ಮಯವೆನಿಸುವ ಸಂಗತಿಯನ್ನು ಹೇಳುತ್ತೇನೆ. ಈ ನಿರಾಶ್ರಿತರು ಪ್ರಾಣದಂತೆ ಪ್ರೀತಿಸಿದ, ‘ಪಂಚಪಾಂಡವ’ರೆಂದು ಹೆಸರಿಟ್ಟು ಕೊಂಡಾಡಿದ ಮುಂಪಂಕ್ತಿಯ ಐವರಲ್ಲಿ ಒಬ್ಬನಾದರೂ ವಂಗೀಯನಲ್ಲ. ಅಪ್ಪಾರಾವ್, ವೆಂಕಟೇಶ್, ಧನರಾಜ್, ಸಾಲೆ, ಅಹಮದ್ ಖಾನ್, ಐವರೂ ದಕ್ಷಿಣದವರು. ಅಹಮದ್ ಖಾನರಂತೂ ನಮ್ಮ ಬೆಂಗಳೂರಿನ ಮಗ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಿನಲ್ಲಿ ಆಡಿದವರು, ಚೆಂಡನ್ನು ಆಡಿಸುವ ಚಮತ್ಕಾರಕ್ಕಾಗಿ ‘ಹಾವಾಡಿಗ’ನೆಂದು ಹೆಸರಾದವರು. ಇವರು ಕೂಡಿ ಆಡಿದ ಕಾಲದಲ್ಲಿ ಈಸ್ಟ್ ಬೆಂಗಾಲ್ 1949, 1950, 1951 ಹೀಗೆ ಮೂರು ವರ್ಷ ಎಡೆಬಿಡದೆ ಶೀಲ್ಡನ್ನು ಗೆದ್ದಿತು. ಆ ವರ್ಷಗಳು ಎಂಥವೆಂಬುದನ್ನು ಮರೆಯಬಾರದು. 1950ರಲ್ಲಿ ವಂಗದ ಎರಡು ಭಾಗಗಳಲ್ಲಿಯೂ ಮತದ ಹೆಸರಿನಲ್ಲಿ ರಕ್ತ ಹರಿದಿತ್ತು. ಮತದ ಕಾರಣದಿಂದಲೇ ಮನೆ ಕಳೆದುಕೊಂಡ ಹಿಂದೂ ಕುಟುಂಬಗಳು ಅಹಮದ್ ಖಾನರನ್ನೂ ಸಾಲೆಯವರನ್ನೂ ಪಾಂಡವರೆಂದು ಕರೆದು ಹೆಗಲ ಮೇಲೆ ಹೊತ್ತವು. ಹುಟ್ಟು ಬೇರೆ, ನುಡಿ ಬೇರೆ, ಮತ ಬೇರೆ; ಆದರೂ ನಮ್ಮವನು. ಉಪದೇಶದಿಂದ ಇದನ್ನು ಸಾಧಿಸಹೊರಟವರು ನಮ್ಮಲ್ಲಿ ಕಡಮೆಯಿಲ್ಲ. ಅಲ್ಲಿ ಅದು ತಾನಾಗಿ ಕೈಗೂಡಿತು.

ಆಚೆಯ ಪಕ್ಷದಲ್ಲಿಯೂ ಇದೇ ನ್ಯಾಯ. ಮೋಹನ್ ಬಾಗಾನಿನ ರಕ್ಷಣೆಯ ಮಹಾಭಿತ್ತಿಯೆನಿಸಿದ ಗೋಷ್ಠ ಪಾಲರು ಹುಟ್ಟಿದ್ದು ಪೂರ್ವವಂಗದಲ್ಲಿ. ಬೇರೊಂದು ಸಂಘಕ್ಕೆ ಎಂದೂ ಹೋಗದ ಚುನಿ ಗೋಸ್ವಾಮಿಯವರ ಹುಟ್ಟೂರೂ ಅತ್ತಕಡೆಯ ಕಿಶೋರ್‌ಗಂಜ್.

ಈ ಪ್ರೀತಿಗೆ ಕರಾಳ ಮುಖವಿಲ್ಲವೆಂದು ನಾನು ಹೇಳಲಾರೆ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಈ ಎರಡು ತಂಡಗಳ ಪಂದ್ಯ ನಡೆದಾಗ ಅಭಿಮಾನಿಗಳ ನಡುವೆ ಕಲಹವೆದ್ದು, ನೂಕುನುಗ್ಗಲಿನಲ್ಲಿ 16 ಮಂದಿ ಸತ್ತರು. ಆಟ ನೋಡಲು ಹೋದ ಮಗ ಮನೆಗೆ ಬಾರದಿದ್ದ ತಾಯಿಗೆ ಯಾವ ಬಾಂಧವ್ಯದ ಮಾತನ್ನು ಹೇಳುವುದು? ‘ನಮ್ಮವರು’ ಎಂಬ ಪದವು ‘ಅವರು’ ಎಂಬ ದ್ವೇಷವಿಲ್ಲದೆ ಬದುಕಲಾರದೋ ಎಂಬ ಸಂಶಯ ಆ ದಿನ ಯಾರಿಗಾದರೂ ಬರತಕ್ಕದ್ದೇ.

ಆ ಸಂಶಯಕ್ಕೆ ಉತ್ತರವನ್ನೂ ಅಲ್ಲಿಯ ಅಭಿಮಾನಿಗಳೇ ಕೊಟ್ಟಿದ್ದಾರೆ. 2024ರ ಆಗಸ್ಟ್‌ನಲ್ಲಿ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ತರುಣ ವೈದ್ಯೆಯೊಬ್ಬಳ ಮೇಲೆ ಅತ್ಯಾಚಾರವೆಸಗಿ ಕೊಂದ ಘೋರಕೃತ್ಯದಿಂದ ನಗರವೇ ಕುದಿಯುತ್ತಿದ್ದಾಗ, 18ರಂದು ನಡೆಯಬೇಕಾಗಿದ್ದ ಉಭಯ ತಂಡಗಳ ಡ್ಯುರಾಂಡ್ ಕಪ್ ಪಂದ್ಯವನ್ನು ಅಧಿಕಾರಿಗಳು ರದ್ದುಮಾಡಿದರು. ಆಟವಿಲ್ಲದಿದ್ದರೂ ಜನ ಬಂದರು. ಕೆಂಪು ಹೊನ್ನಿನ ಅಂಗಿಯವರೂ, ಮೋಹನ್ ಬಾಗಾನಿನ ಹಸಿರು ಕೆಂಗಂದಿನವರೂ, ಅವರೊಡನೆ ನಗರದ ಮತ್ತೊಂದು ಸಂಘವಾದ ಮೊಹಮ್ಮಡನ್ ಸ್ಪೋರ್ಟಿಂಗಿನ ಅಭಿಮಾನಿಗಳೂ ಸಾಲ್ಟ್ ಲೇಕ್ ಕ್ರೀಡಾಂಗಣದ ಹೊರಗಿನ ಬೀದಿಯಲ್ಲಿ ಕೂಡಿ, ಪೋಲೀಸರ ಲಾಠಿಗೂ ಜಗ್ಗದೆ, ಆ ಹೆಣ್ಣುಮಗಳಿಗೆ ನ್ಯಾಯ ಬೇಕೆಂದು ಒಂದೇ ದನಿಯಲ್ಲಿ ಕೂಗಿದರು.