ಊರ ಹೆಸರು ಹೊತ್ತವರು

(ಯುವಕರ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ನಾನು ಪಂಡಿತನಲ್ಲ. ಪಿಯುಸಿ ಮುಗಿಸಿ ಅಚ್ಚಿನ ಕೆಲಸಕ್ಕೆ ಇಳಿದವನು. ಪ್ರೆಸ್ಸಿನಲ್ಲಿ ಇಂಗ್ಲಿಷಿನ ನೆಟ್ಟಗಿನ ಅಕ್ಷರಕ್ಕೆ ರೋಮನ್, ಓರೆ ಅಕ್ಷರಕ್ಕೆ ಇಟಾಲಿಕ್ ಅನ್ನುತ್ತೇವೆ. ಎರಡೂ ನೆಲದ ಹೆಸರುಗಳೇ. ರೋಮಾ ಊರಿನದು ರೋಮಾನುಸ್, ಇಟಾಲಿಯಾ ನಾಡಿನದು ಇಟಾಲಿಕುಸ್. ಇದು ಲ್ಯಾಟಿನ್ ಭಾಷೆಯ ಜಾಣ್ಮೆ.

ನಾವು ಯಾವ ಊರಾದರೂ ‘ಮೈಸೂರಿನವರು’, ‘ಗದಗಿನವರು’ ಎಂದು ಮುಗಿಸುತ್ತೇವೆ. ಅವರು ಊರು ನೋಡಿ ಬಾಲ ಅಂಟಿಸುತ್ತಿದ್ದರು. ಪ್ರೈನೆಸ್ತೆ ಊರಿನವನು ಪ್ರೈನೆಸ್ತಿನುಸ್. ಓಸ್ತಿಯಾದವನು ಓಸ್ತಿಯೆನ್ಸಿಸ್. ಆರ್ಪಿನುಮ್‌ನವನು ಆರ್ಪಿನಾಸ್. ಈ ಗುಣವಾಚಕಗಳೇ ಹೆಸರಾಗಿ ನಿಂತವು. ಇತಿಹಾಸ ಬರೆದ ವಲೇರಿಯುಸ್ ಆಂತಿಯಾಸ್ ಎಂದರೆ ಆಂತಿಯುಮ್ ಊರಿನ ವಲೇರಿಯುಸ್.

ಕಾಲ ಕಳೆದಂತೆ ಬಾಲಗಳು ಸವೆದವು, ಸಾಯಲಿಲ್ಲ. ‘ಆನುಸ್’ ಹೋಗಿ ‘ಆನೊ’, ‘ಎನ್ಸಿಸ್’ ಹೋಗಿ ‘ಏಸೆ’ ಆಯಿತು. ಇಂದಿನ ಇಟಲಿಯ ರೊಮಾನೊ, ಪಿಸಾನೊ, ಜೆನೊವೇಸೆ ಎಂಬ ಮನೆತನದ ಹೆಸರುಗಳು ರೋಮ್, ಪೀಸಾ, ಜಿನೋವಾ ಊರುಗಳವೇ.

ಒಂದು ಎಚ್ಚರ. ಊರ ಹೆಸರು ಹೊತ್ತವರೆಲ್ಲ ಊರಿನ ಮಕ್ಕಳಲ್ಲ. ಕೊರಿಯೊಲಿ ಊರನ್ನು ಗೆದ್ದವನಿಗೆ ಕೊರಿಯೊಲಾನುಸ್ ಎಂಬ ಬಿರುದು ಬಂತೆಂದು ಐತಿಹ್ಯ. ಷೇಕ್ಸ್‌ಪಿಯರ್ ಅವನ ಮೇಲೇ ನಾಟಕ ಬರೆದ.

ಹಳ್ಳಿಯವರನ್ನು ಅಣಕಿಸುವವರು ಆಗಲೂ ಇದ್ದರು. ಇತಿಹಾಸಕಾರ ಲಿವಿಯ ಊರು ಪಟಾವಿಯುಮ್, ಇಂದಿನ ಪಾದುವಾ. ಅವನ ಭಾಷೆಯಲ್ಲಿ ‘ಪಟಾವಿನಿತಾಸ್’, ಅಂದರೆ ಪಟಾವಿಯುಮ್ ವಾಸನೆ ಇದೆ ಎಂದು ಪೊಲ್ಲಿಯೊ ಹಂಗಿಸಿದ. ಇಂದು ಲಿವಿಯನ್ನು ಜಗತ್ತೇ ಓದುತ್ತಿದೆ. ಆರ್ಪಿನುಮ್‌ನ ಸಿಸೆರೊ ಕ್ರಿ.ಪೂ. 63ರಲ್ಲಿ ರೋಮಿನ ಕಾನ್ಸಲ್ ಆದ. ಆಮೇಲೂ ಅವನನ್ನು ಹೊರಗಿನವನೆಂದು ಮೂದಲಿಸಿದರು. ಅವನು ಊರು ಮುಚ್ಚಿಡಲಿಲ್ಲ. ಮನುಷ್ಯನಿಗೆ ಎರಡು ತಾಯ್ನಾಡು, ಹುಟ್ಟಿದ್ದು ಒಂದು, ಪೌರನಾದದ್ದು ಇನ್ನೊಂದು ಎಂದು ಬರೆದಿಟ್ಟ.

ಲ್ಯಾಟಿನ್ ಬಾಲ ನಮ್ಮ ಊರಿಗೂ ಅಂಟಿದೆ. ಪಶ್ಚಿಮ ಘಟ್ಟದ ಹಳದಿ-ಕೆಂಪು ಹೂಗೊಂಚಲಿನ ಒಂದು ಬಳ್ಳಿಗೆ ವಿಜ್ಞಾನಿಗಳು ಇಟ್ಟ ಹೆಸರು ತುನ್‌ಬೆರ್ಜಿಯಾ ಮೈಸೊರೆನ್ಸಿಸ್. ಮೈಸೂರಿನದು ಅಂತ!

ಗೆಳೆಯರೇ, ಕುವೆಂಪು ಎನ್ನುವಾಗಿನ ‘ಕು’ ಕುಪ್ಪಳಿ. ಡಿವಿಜಿ ಎನ್ನುವಾಗಿನ ‘ಡಿ’ ದೇವನಹಳ್ಳಿ. ಮಾಸ್ತಿಯವರಿಗೆ ಊರೇ ಹೆಸರು. ಇಂದು ಮದುವೆ ಕರೆಯೋಲೆ ಮಾಡಿಸಲು ಬರುವ ಹುಡುಗರು ಹೆಸರಿನ ಮುಂದಿರುವ ಊರಿನ ಅಕ್ಷರ ತೆಗೆಯಿರಿ, ಹಳ್ಳಿಯ ಥರ ಕಾಣುತ್ತದೆ ಎನ್ನುತ್ತಾರೆ. ನಾನು ತೆಗೆಯುತ್ತೇನೆ, ಅದು ನನ್ನ ಹೊಟ್ಟೆಪಾಡು. ಆದರೆ ಕೇಳಿ: ಆ ಒಂದಕ್ಷರ ಹೋದರೆ ನಿಮ್ಮ ಮೊಮ್ಮಕ್ಕಳಿಗೆ ನಿಮ್ಮ ಊರು ಯಾವುದೆಂದು ಹೇಳುವವರು ಯಾರು? ಬೆಂಗಳೂರಿನಲ್ಲಿ ಬಾಳಿ, ಊರನ್ನೂ ಜೊತೆಗಿಟ್ಟುಕೊಳ್ಳಿ.